ಅರ್ಧಕ್ಕ ಬಿಟ್ಟ ಅಧ್ಯಾಯ

ರಾಹೇಲಕ್ಕಗೂ ನನಗೂ ನಡುವ ಒಂದ ಗ್ವಾಡಿ. ಉಣಕಲ್ ಕೆರಿ ಹಿಂದಿನ ಓಣ್ಯಾಗ ನಮ್ಮ ಅಡಗಿಮನಿ, ಅಕಿ ಪಡಸಾಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತಾವ. ಮುಂಜಾನೆದ್ದು ನಾನು ಖಾನಾವಳಿಗೆ ಕೊಡೂ ರೊಟ್ಟಿ ಬಡಿಯಾಕ ಕುಂತ್ರ, ಅತ್ತಾಗ ಅಕಿ ಸತ್ಯವೇದ, ಅದ ಬೈಬಲ್, ಓದಾಕ ಕುಂದ್ರತಿದ್ಲು. ಅದೂ ಮನಸಿನಾಗ ಅಲ್ಲ, ಬಾಯಿಬಿಟ್ಟು. ಒಂದು ಅಧ್ಯಾಯ ಹಿಡದ್ಲಂದ್ರ ಮುಗಿಸದ ಏಳಾಕಿ ಅಲ್ಲ. ಇಂಥಾವನ ಮಗ ಇಂಥಾಂವ, ಅವನ ಮಗ ಮತ್ತೊಬ್ಬಾಂವ ಅಂತ ಬರೇ ಹೆಸರ ಇರೂ ಪುಟಾನೂ ಬೆರಳು ಹಚ್ಚಿ ಹಚ್ಚಿ ಓದಾಕಿ. "ಯಾರ್ಯಾರದೋ ಮನೆತನದ ಉಸಾಬರಿ ನಿನಗ್ಯಾಕವಾ?" ಅಂತ ನಾನು ಕಾಡಸ್ತಿದ್ದೆ. "ನಡುವ ಬಿಟ್ರ ದೇವರು ಹೇಳಿದ್ದು ತಿಳಿಯಂಗಿಲ್ಲ ದೇವಕ್ಕ, ನಮಗ ಬೇಕಾದ್ದಷ್ಟ ತಿಳೀತೈತಿ" ಅಂತಿದ್ಲು.

ಅಕಿ ಗಂಡ ಸ್ಯಾಮ್ಯುಯೆಲ್, ಸಾಲಿ ಹುಡುಗರನ್ನ ಆಟೋದಾಗ ಬಿಟ್ಟು ಬರಾಂವ. ಬಾಯಿ ತುಂಬ ಮಾತು, ಮೈ ತುಂಬ ಸಕ್ಕರಿ ಬ್ಯಾನಿ. ಕ್ರಿಸ್ಮಸ್ ಮುಂದ ಹೊಸ ಬೂಟು ತಿಕ್ಕಿ ಬಲಗಾಲಿನ ಹೆಬ್ಬೆರಳಿಗೆ ಗುಳ್ಳಿ ಎದ್ದಿತ್ತು. ನೋವು ಗೊತ್ತಾಗ್ಲಿಲ್ಲ, ಅಲಕ್ಷ ಮಾಡಿದ. ವರ್ಷ ಮುಗಿಯೂದ್ರಾಗ ಬೆರಳು ಕರ್ರಗಾತು. ಡಾಕ್ಟರ್ ನೋಡಿ, ಲಗೂನ ಬೆರಳು ತಗಸ್ರಿ, ಇಲ್ಲಂದ್ರ ಮ್ಯಾಲ ಏರತೈತಿ, ಜೀವಕ್ಕ ಬರತೈತಿ ಅಂದ್ರು. ಕೊಯ್ಯೂದು ಅಂದ್ರ ಅಂವ ಮೊದಲ ಅಂಜಾಂವ.

ಇವರ ಚರ್ಚಿನ್ಯಾಗ ಒಂದು ಪದ್ಧತಿ ಐತಿ. ಹೊಸ ವರ್ಷದ ಮೊದಲ ದಿನ ಆರಾಧನಿ ಮುಗಿದ ಮ್ಯಾಲ ತಾಟಿನ್ಯಾಗ ಸಣ್ಣ ಸಣ್ಣ ಕಾರ್ಡು ಬೋರಲ ಇಟ್ಟು ಎಲ್ಲಾರ ಮುಂದ ಹಿಡೀತಾರ. ಒಂದೊಂದರ ಮ್ಯಾಲ ಸತ್ಯವೇದದ ಒಂದೊಂದು ಮಾತು. ಕೈಗೆ ಬಂದದ್ದು ಆ ವರ್ಷ ದೇವರು ನಿಮಗ ಕೊಟ್ಟ ವಾಗ್ದಾನ. ಸ್ಯಾಮ್ಯುಯೆಲ್‌ಗೆ ಬಂದದ್ದು, ನಿನ್ನ ಆಯುಷ್ಯಕ್ಕ ಇನ್ನೂ ಹದಿನೈದು ವರ್ಷ ಕೂಡಸ್ತೇನಿ ಅನ್ನೋ ಮಾತು.

ಆತಲ್ಲ, ಇನ್ನೇನು ಬೇಕು? ಅವನ ತಮ್ಮ ಶಶಿಕುಮಾರ, ಮನಿ ಮನಿಗೆ ಹೋಗಿ ಪ್ರಾರ್ಥನಿ ನಡಸಾಂವ, ಬಂದು ಕುಂತ. "ಅಣ್ಣಾ, ದೇವರ ಮಾತು ಕೈಯಾಗ ಐತಿ. ಇನ್ನ ಕೊಯ್ಸಿಕೊಂಡ್ರ ಅವನ್ನ ನಂಬಲಿಲ್ಲ ಅಂದಂಗ" ಅಂದ. ಅಂಜಿದ ಮನಶಾಗ ಅಷ್ಟ ಸಾಕಾತು, ಗುಳಿಗಿನೂ ಬಿಟ್ಟ. ಶಶಿಕುಮಾರ ಕೆಟ್ಟಾಂವಲ್ಲ, ಅಣ್ಣನ ಸಲುವಾಗಿ ಉಪವಾಸ ಕುಂತಾಂವ. ಆದ್ರ ಅವನ ಮಾತು ಕೇಳಿದ್ರ ನನ್ನ ಮೈ ಉರೀತಿತ್ತು.

ಸಿಟ್ಟು ತಡೀಲಾರದ ರಾಹೇಲಕ್ಕನ ಮ್ಯಾಲ ಹರಿಹಾಯ್ದೆ. "ಇಷ್ಟು ಓದತಿ, ತಲಿ ಎಲ್ಲಿಟ್ಟಿ? ಎಳಕೊಂಡು ಹೋಗು ದವಾಖಾನಿಗೆ" ಅಂದೆ. ಇನ್ನೊಂದು ಸಂಗತಿನೂ ನಾನು ಗ್ವಾಡಿ ಆಚೆಯಿಂದ ಗುರುತು ಹಿಡದಿದ್ದೆ. ದಿನಾ ಆ ಹದಿನೈದು ವರ್ಷದ ಅಧ್ಯಾಯಾನ ಓದಾಕಿ, ಆ ಮಾತು ಬಂದ ಕೂಡ್ಲೆ ನಿಲ್ಲಸಾಕಿ. ಜೀವಮಾನದಾಗ ಹಂಗ ಮಾಡಿದಾಕಿ ಅಲ್ಲ. "ಯಾಕ ಮುಂದ ಓದವಲ್ಲಿ?" ಅಂತ ಕೇಳಿದೆ.

"ಹಿಂದ ಓದಿದ್ದು ನೆಪ್ಪಿಲ್ಲ. ಮುಂದ ಏನರ ಬ್ಯಾರೆ ಇದ್ರ ದೇವಕ್ಕ? ಇದೊಂದ ಮಾತಿನ ಮ್ಯಾಲ ಅವ್ರು ಉಣ್ಣಾಕತ್ಯಾರ, ನಿದ್ದಿ ಮಾಡಾಕತ್ಯಾರ" ಅಂದ್ಲು. ಕಣ್ಣಾಗ ನೀರು ತಂದ್ಲು.

ಜನವರಿ ಹಿಂಗ ಸರೀತು. ಕಾಲಿನ ನಾತ ನಮ್ಮ ಅಡಗಿಮನಿಗೂ ಬರಾಕತ್ತಿತು. ಒಂದಿನ ಮಧ್ಯಾಹ್ನ ನಾನು ಗಂಜಿ ಒಯ್ದಾಗ ಸ್ಯಾಮ್ಯುಯೆಲ್ ಜ್ವರದಾಗ ಬಡಬಡಸಾಕತ್ತಿದ್ದ. ರಾಹೇಲಕ್ಕ ಅವನ್ನ ನೋಡಿದ್ಲು, ಪುಸ್ತಕ ತಗದು "ನನ್ನ ಬಾಜು ಕುಂದ್ರು ದೇವಕ್ಕ" ಅಂದ್ಲು. ಆ ಮಾತು ದಾಟಿ ಮುಂದ ಹೋದ್ಲು. ಅದು ಹಿಜ್ಕೀಯ ಅನ್ನೋ ಅರಸನ ಕತಿ. ಹುಣ್ಣಾಗಿ ಸಾಯಾಕ ಬಿದ್ದಾಂವ ಗ್ವಾಡಿ ಕಡೆ ಮಾರಿ ತಿರುವಿ ಅಳತಾನ. ದೇವರು ಪ್ರವಾದಿ ಕೈಲೆ ಹದಿನೈದು ವರ್ಷದ ಮಾತು ಕಳಸ್ತಾನ. ಆಮ್ಯಾಲ ಅರಸ ತನ್ನ ಸಂಕಟ ಹೇಳಿಕೊಂಡ ಹಾಡು ಬರತೈತಿ, ಉದ್ದಕ. ಅಧ್ಯಾಯ ಮುಗಿಯಾಕ ಬಂದಾಗ ಅಕಿ ಬೆರಳು ನಿಂತಿತು. ಅದ ಪ್ರವಾದಿನ ಹೇಳ್ಯಾನ, ಅಂಜೂರದ ಹಣ್ಣು ತಂದು ಹುಣ್ಣಿಗೆ ಕಟ್ರಿ, ಅರಸ ಉಳೀತಾನ ಅಂತ.

ಅಕಿ ಎದ್ದು ಹೋಗಿ ಗಂಡನ ಮಂಚದ ಮ್ಯಾಲ ಕುಂತ್ಲು. "ಕೇಳ್ರಿ. ಮಾತು ಕೊಟ್ಟ ಮ್ಯಾಲೂ ಹುಣ್ಣಿಗೆ ಔಷಧ ಕಟ್ಟಸ್ಯಾರ. ದವಾಖಾನಿಗೆ ಹೋದ್ರ ದೇವರನ್ನ ಬಿಟ್ಟಂಗಲ್ಲ. ಮತ್ತ ಇನ್ನೊಂದು ಹೇಳ್ತೇನಿ. ಹದಿನೈದು ವರ್ಷ ಅಂದದ್ದು ಆ ಅರಸಗ. ನಿಮಗಲ್ಲ."

"ಹಂಗಾದ್ರ ನನಗೇನೈತಿ?" ಅಂದ ಸ್ಯಾಮ್ಯುಯೆಲ್.

ಹೆಂಡ್ತಿ ಬಾಯಿಂದ ಹಿಂತಾ ಮಾತು ಕೇಳೂ ಪ್ರಸಂಗ ಯಾರಿಗೂ ಬರಬಾರ್ದು. ರಾಹೇಲಕ್ಕ ಅವನ ಕೈ ಹಿಡದು, "ಅರಸ ದೇವರಿಗೆ ಅಂದ ಮಾತು ಐತ್ರಿ" ಅಂದ್ಲು. "ನಾ ಭಾಳ ಬಾಧಿಯಾಗ ಅದೇನಿ, ನೀನ ನನಗ ಹೊಣಿ ನಿಲ್ಲು ಅಂತ ಬೇಡ್ಯಾನ. ಅದನ್ನ ಯಾರರ ಬೇಡಬಹುದು." ಸ್ಯಾಮ್ಯುಯೆಲ್ ಆ ಮಾತನ್ನ ಸಣ್ಣ ದನಿಲೆ ತಾನೂ ಬೇಡಿ, "ಆಟೋ ತರಸು" ಅಂದ.

ಆಗಲೇ ವಿಷ ಮೊಣಕಾಲು ದಾಟಿತ್ತು. ಕಾಲು ತಗದ್ರು, ಆದ್ರ ರಕ್ತದಾಗ ಕೂಡಿದ್ದು ಹೋಗ್ಲಿಲ್ಲ. ಮೊದಲ ಬಂದಿದ್ರ ಬೆರಳಷ್ಟ ಹೋಗ್ತಿತ್ತು ಅಂದ್ರು ಡಾಕ್ಟರ್. ರಾಹೇಲಕ್ಕ ತಲಿ ಅಲ್ಲಾಡಿಸಿದ್ಲು. "ಅರ್ಧಕ್ಕ ನಿಲ್ಲಿಸಿದಾಕಿ ನಾನ" ಅಂತ ನನಗಷ್ಟ ಕೇಳೂವಂಗ ಅಂದ್ಲು. ವಾರ ತುಂಬೂದ್ರಾಗ ಸ್ಯಾಮ್ಯುಯೆಲ್ ಹೋದ.

ಮಣ್ಣು ಮಾಡಿ ಬಂದು ಎಲ್ಲಾರೂ ಅಂಗಳದಾಗ ಕುಂತಿದ್ವಿ. ಶಶಿಕುಮಾರ ಬಿಕ್ಕಿ ಬಿಕ್ಕಿ ಅಳಾಕತ್ತಿದ್ದ. "ಇನ್ನೊಂಚೂರು ತಡದಿದ್ರ ಅಣ್ಣ ಎದ್ದು ಕುಂದ್ರತಿದ್ದ. ನೀವು ನಂಬಿಕಿ ಬಿಟ್ರಿ ವೈನಿ" ಅಂದ. ನಾನು ಸೆರಗು ಸಿಗಿಸಿಕೊಂಡು ಎದ್ದೆ, ಅವತ್ತು ಅವನ ನೀರ ಇಳಸ್ತಿದ್ದೆ. ರಾಹೇಲಕ್ಕ ನನ್ನ ಕೈ ಜಗ್ಗಿ ಕುಂಡ್ರಿಸಿದ್ಲು.

"ಬಿಟ್ಟಿಲ್ಲಪ್ಪ" ಅಂದ್ಲು. "ಬಿಟ್ಟಿದ್ರ ಹಗುರ ಆಗ್ತಿತ್ತು. ಮ್ಯಾಲ ಯಾರೂ ಇಲ್ಲ, ಆಗೂದು ಆತು ಅಂತ ಅತ್ತು ಸುಮ್ನಾಗ್ತಿದ್ದೆ. ಅಂವ ಅದಾನ. ನಿಮ್ಮಣ್ಣ ಬೇಡಿದ್ದು ಅವನ ಕಿವಿಗೆ ಬಿದ್ದೈತಿ. ಬಿದ್ದ ಮ್ಯಾಲೂ ಒಯ್ದ. ಹಂಗ ಒಯ್ದಾವನ್ನ ನಂಬಿ ನಾನು ನಾಳೆ ಮುಂಜಾನೆ ಏಳಬೇಕು."

ಶಶಿಕುಮಾರ ಮಾರಿ ಮುಚ್ಚಿಕೊಂಡ. ಹಿಂದಿನ ದಿನದಿಂದ ಅಕಿ ಹೊಟ್ಟಿಗೆ ಏನೂ ಬಿದ್ದಿರಲಿಲ್ಲ. ನಾನು ರಟ್ಟಿ ಹಿಡದು ಎಬ್ಬಿಸಿ ನಮ್ಮ ಮನಿಗೆ ಕರಕೊಂಡು ಹೋದೆ.