ಕೋವಿ ಹೇಳದ ಸುದ್ದಿ

ನನ್ನ ಮಗಳು ಹುಟ್ಟಿದ ದಿನ ನಮ್ಮ ಅಂಗಳದಲ್ಲಿ ಕೋವಿ ಸದ್ದು ಮಾಡಲಿಲ್ಲ. ನಮ್ಮ ಕಡೆ ಗಂಡು ಹುಟ್ಟಿದರೆ ಒಂದು ಗುಂಡು ಹಾರಿಸುವುದು, ಸಾವಾದರೆ ಎರಡು. ಸದ್ದು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ನಡೆಯುತ್ತಿದ್ದರು. ಹೆಣ್ಣಿಗೆ ಸದ್ದೇ ಇಲ್ಲ. ಪಕ್ಕದ ಮನೆಯ ಇಬ್ಬರು ಬಿಟ್ಟರೆ ಯಾರೂ ತಿರುಗಿ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಕೂಸನ್ನು ನಾಲ್ಕು ಜನ ಬಂದು ಹರಸಲಿ ಎಂಬುದು ಅಷ್ಟು ದೊಡ್ಡ ಆಸೆಯೇ?

ಮಡಿಕೇರಿಯಲ್ಲಿ ಕಮಿಷನರ್ ದೊರೆ ಇದ್ದ ಕಾಲ ಅದು. ಮದರಾಸಿನಲ್ಲಿ ಓದುತ್ತಿದ್ದ ನನ್ನ ಅಣ್ಣ ಬೇಸಿಗೆ ರಜೆಗೆ ಬಂದವನು ಮಗುವನ್ನು ನೋಡಲು ಬಂದ. ಅವನಿಗೆ ಆಗ ಸಮಾಜಶಾಸ್ತ್ರವೆಂಬ ಹೊಸ ವಿದ್ಯೆಯ ಹುಚ್ಚು.

"ಒಂದೇ ಸುದ್ದಿ ಓದಿದವರು ಮುಖ ನೋಡದಿದ್ರೂ ಒಂದು ಕೂಟ ಆಗ್ತಾರೆ ತಂಗಿ. ಕೋವಿ ಸದ್ದು ಗುಡ್ಡ ದಾಟೂದಿಲ್ಲ, ಪೇಪರು ದಾಟ್ತದೆ," ಎಂದ.

ಎಲೆಗೆ ಸುಣ್ಣ ಹಚ್ಚುತ್ತಿದ್ದ ನನ್ನ ಅತ್ತೆ ತಲೆ ಎತ್ತಲಿಲ್ಲ. "ದಾಟಿ ಎಂತ ಮಾಡ್ತದೆ? ಪೇಪರು ಓದಿದವ ಮಡಚಿ ಇಡ್ತಾನೆ. ಕೋವಿ ಕೇಳಿದವ ಎದ್ದು ಬರ್ತಾನೆ."

ನನಗೆ ಹಟ ಹತ್ತಿತು. "ಹಾಗಾದ್ರೆ ನೋಡಿಯೇ ಬಿಡುವ. ನಮ್ಮ ಮನೆಯಲ್ಲಿ ಹೆಣ್ಣು ಹುಟ್ಟಿದೆ, ಬಂದು ಹರಸಿ ಅಂತ ಪೇಪರಿಗೆ ಬರಿ," ಎಂದೆ. ಅಣ್ಣ ನಗುತ್ತಲೇ ಬರೆದು ಮಡಿಕೇರಿಯ ವಾರಪತ್ರಿಕೆಗೆ ಕಳಿಸಿದ.

ವಾರಗಳು ಕಳೆದವು. ನಾನೂ ಆಸೆ ಬಿಟ್ಟೆ. ಮಗುವಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ, ನಮ್ಮ ಹತ್ತಿರದ ನಾಪೋಕ್ಲಿನಲ್ಲಿ ಸಂತೆಯ ದಿನ, ಅಲ್ಲಿನ ಅಂಗಡಿಯವರು ಎಂದಿನಂತೆ ಪತ್ರಿಕೆಯನ್ನು ಜೋರಾಗಿ ಓದಿದರಂತೆ. ಏಲಕ್ಕಿ ಧಾರಣೆಯ ಕೆಳಗೆ ನಮ್ಮ ಸುದ್ದಿ ಇತ್ತು.

ಮಧ್ಯಾಹ್ನ ನಾನು ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದೆ. ಗದ್ದೆಯ ಬದುವಿನ ಮೇಲೆ ಜನರ ಸಾಲು ಕಂಡಿತು. ಬೆಲ್ಲ, ಕರಿಮೆಣಸು, ಕಾಲು ಕಟ್ಟಿದ ಹುಂಜ, ಎಲ್ಲ ಬಾಣಂತಿಗೆ ಕೊಡುವ ಸಾಮಾನು. ಸುದ್ದಿ ಕೇಳಿದ ದಿನವೇ ಹೆರಿಗೆಯ ದಿನ ಎಂದುಕೊಂಡು, ಕೋವಿ ಸದ್ದಿಗೆ ಹೊರಡುವ ಹಾಗೆಯೇ ಹೊರಟುಬಿಟ್ಟಿದ್ದರು. ಗುಡ್ಡದಾಚೆಯ ಕಕ್ಕಬೆಯಿಂದ ಸಂತೆಗೆ ಬಂದಿದ್ದ, ನಾನು ಹಿಂದೆಂದೂ ಕಾಣದ ಒಬ್ಬ ಮುದುಕಿ ಮುಂದೆ ಬಂದು, "ಬಾಣಂತಿ ಎಲ್ಲಿ?" ಎಂದಳು.

"ನಾನೇ," ಎಂದೆ.

"ಇವತ್ತು ಹೆತ್ತು ಇವತ್ತೇ ಭತ್ತ ಕುಟ್ತೀಯಾ ಮಗಳೇ? ನಿನ್ನ ಅತ್ತೆಗೆ ಕಣ್ಣಿಲ್ವಾ?"

ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮುಖ ನೋಡಬೇಕಿತ್ತು! ರಜೆ ಮುಗಿದು ಮದರಾಸಿಗೆ ಹೊರಡುವ ಮುನ್ನ ಮಗುವನ್ನು ನೋಡಲು ಮತ್ತೆ ಬಂದಿದ್ದ ಅಣ್ಣ ನಡೆದದ್ದನ್ನು ಬಿಡಿಸಿ ಹೇಳಿದ. ಮುದುಕಿ ಹಿಂದಿರುಗಲಿಲ್ಲ. "ಬಂದದ್ದು ಬಂದಾಯ್ತು, ಬಿಸಿನೀರು ತನ್ನಿ," ಎಂದು ಕಾಲು ಚಾಚಿ ಕೂತು ನನ್ನ ಮಗಳಿಗೆ ಎಣ್ಣೆ ಹಚ್ಚಿದಳು. ನನಗೆ ಅಳು ತಡೆಯಲಾಗಲಿಲ್ಲ.

"ಓದಿದವನು ಒಬ್ಬ, ಕೇಳಿದ್ದು ಸಂತೆಗೆ ಸಂತೆಯೇ. ಇದು ನನ್ನ ಪುಸ್ತಕದಲ್ಲಿ ಇಲ್ಲ," ಎಂದು ಅಣ್ಣ ತನಗೆ ತಾನೇ ಹೇಳಿಕೊಂಡ.

ಅತ್ತೆ ಎಲ್ಲರಿಗೂ ಬೆಲ್ಲದ ಕಾಪಿ ಕೊಟ್ಟು, ಕೊನೆಯ ಲೋಟವನ್ನು ಅವನ ಕೈಗಿಟ್ಟರು. "ಮುಂದಿನದು ಗಂಡಾದ್ರೂ ನೀನು ಪೇಪರಿಗೆ ಬರಿ," ಎಂದರು. "ಕಕ್ಕಬೆಯವರಿಗೆ ನಮ್ಮ ಕೋವಿ ಕೇಳೂದಿಲ್ಲ."