ರಾತ್ರಿ ಪಾಳಿಯವನ ಬೆಳಗಿನ ರಕ್ತ

ಎರಡು ವರ್ಷದ ಹಿಂದಿನ ಬೇಸಿಗೆ. ಸಿಂಧನೂರಿನ ನನ್ನ ಲ್ಯಾಬಿಗೆ ಆಗ ಹದಿನೆಂಟು ವರ್ಷ ತುಂಬಿತ್ತು. ಮಸ್ಕಿ, ಲಿಂಗಸುಗೂರುಗಳಲ್ಲಿ ರಕ್ತ ತೆಗೆಯುವ ಒಂದೊಂದು ಕೌಂಟರ್ ಕೂಡ ಇತ್ತು. ಬೇರೆಯವರ ಲ್ಯಾಬಿನಲ್ಲಿ ಟ್ಯೂಬ್ ತೊಳೆಯುತ್ತ ಕೆಲಸ ಕಲಿತವನು ನಾನು. ಮೊದಲ ಮಷೀನ್ ಕೊಳ್ಳುವಾಗ ಕಂಪನಿಯವನ ಜೊತೆ ಮೂರು ದಿನ ಚೌಕಾಶಿ ಮಾಡಿದ್ದೆ. ಕೊನೆಗೆ ಅವನೇ ನೀರು ಕೇಳಿ ಕುಡಿದು ಒಪ್ಪಿಕೊಂಡ. ನನ್ನ ಕಣ್ಣು ತಪ್ಪಿಸಿ ಏನೂ ನಡೆಯದು ಎಂಬ ಹಮ್ಮು ಇತ್ತು. ಅದನ್ನು ಇಳಿಸಿದವನು ಬಸವರಾಜ.

ಬಸವರಾಜ ಬಳಗಾನೂರಿನವನು. ಹಟ್ಟಿಯ ಚಿನ್ನದ ಗಣಿಯಲ್ಲಿ ನೆಲದೊಳಗಿನ ಕೆಲಸ, ವಯಸ್ಸು ಮೂವತ್ತಮೂರು. ಲಗ್ನವಾಗಿ ಐದು ವರ್ಷವಾದರೂ ಮಕ್ಕಳಿರಲಿಲ್ಲ. ಹೆಂಡತಿ ರೇಣುಕಾಳನ್ನು ಇಬ್ಬರು ಡಾಕ್ಟರು ಪರೀಕ್ಷಿಸಿ ದೋಷವಿಲ್ಲ ಎಂದಿದ್ದರು. ಆದರೂ ಬಸವರಾಜನ ತಾಯಿ ತಪ್ಪು ಸೊಸೆಯದೇ ಎಂದು ಹಟ ಹಿಡಿದು, ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಎತ್ತಿದ್ದಳು. ಗಂಡನ ಪರೀಕ್ಷೆ ಮಾತ್ರ ಆಗಿರಲಿಲ್ಲ. ಇಂಥ ಮನೆಗಳಲ್ಲಿ ಎಲ್ಲಕ್ಕಿಂತ ಸುಲಭದ ಪರೀಕ್ಷೆ ಗಂಡಸಿನದು. ಎಲ್ಲಕ್ಕಿಂತ ಕೊನೆಗೆ ಆಗುವುದೂ ಅದೇ.

ಅಂತೂ ಒಂದು ದಿನ ಬಂದ. ಲಿಂಗಸುಗೂರಿನ ಕೌಂಟರಿನಲ್ಲಿ ಗಣಿಯವರು ನೋಡಿಯಾರು ಎಂದು, ಎರಡು ಬಸ್ ಬದಲಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಸಿಂಧನೂರಿಗೇ ಬಂದಿದ್ದ. ನಮ್ಮ ಬೆಂಚಿನ ಮೇಲೆ ಬಳಗಾನೂರಿನವರೇ ಮೂವರು ಕೂತಿದ್ದರು.

"ಏ ಬಸ್ಯಾ, ಏನಾಗೈತಲೇ ನಿನಗ?" ಎಂದು ಒಬ್ಬ ಮಾಸ್ಕಿನ ಮೇಲೆಯೇ ಗುರುತು ಹಿಡಿದ.

"ಸಕ್ಕರಿ ಟೆಸ್ಟ್ ಕಾಕಾ, ಸಕ್ಕರಿ" ಎಂದು ಬಸವರಾಜ ಒಳಗೆ ನುಗ್ಗಿದ.

ಅವನಿಗೆ ಬೇಕಾಗಿದ್ದದ್ದು ಟೆಸ್ಟೋಸ್ಟೆರಾನ್ ಪರೀಕ್ಷೆ. ಇದು ಗಂಡಸಿನ ಹಾರ್ಮೋನು. ವೀರ್ಯಾಣು ತಯಾರಾಗಲು ಬೇಕು. ಬೆಳಿಗ್ಗೆ ಏರಿರುತ್ತದೆ, ಸಂಜೆಗೆ ಇಳಿಯುತ್ತದೆ. ಆದ್ದರಿಂದ ಹತ್ತು ಗಂಟೆಯೊಳಗೆ ರಕ್ತ ತೆಗೆಯುತ್ತೇವೆ. ಗೋಡೆ ಗಡಿಯಾರದಲ್ಲಿ ಒಂಬತ್ತೂವರೆ. ತೆಗೆದೆ. ಕನಿಷ್ಠ ಮುನ್ನೂರು ಇರಬೇಕಾದಲ್ಲಿ ಇನ್ನೂರ ಹನ್ನೆರಡು ಬಂತು. "ಡಾಕ್ಟರಿಗೆ ತೋರಿಸು" ಎಂದು ಹೇಳಿ ರಿಪೋರ್ಟ್ ಕಳಿಸಿದೆ.

ಎಂಟು ದಿನ ಬಿಟ್ಟು ಟಿಫಿನ್ ಡಬ್ಬಿ ಹಿಡಿದು ಮತ್ತೆ ಬಂದ. ತೆರೆದರೆ ನಾಲ್ಕು ಬೇಯಿಸಿದ ಮೊಟ್ಟೆ, ಅವುಗಳ ಕೆಳಗೆ ಔಷಧಿಯ ಸಣ್ಣ ಬಾಟಲಿ.

"ಅಣ್ಣಾರ, ನೀವು ಸೂಜಿ ಚುಚ್ಚಿದ್ರ ಗೊತ್ತ ಆಗಂಗಿಲ್ಲ. ಇದನ್ನ ಹಾಕಿಬಿಡ್ರಿ. ವಾರಕ್ಕೊಂದು, ಒಟ್ಟು ಹತ್ತು. ಹತ್ತೂ ಕೂಡಿ ಎಷ್ಟು ಕಮ್ಮಿ ಮಾಡ್ತೀರಿ?"

ಅದು ಟೆಸ್ಟೋಸ್ಟೆರಾನ್ ಇಂಜೆಕ್ಷನ್. ಜಿಮ್ಮಿನ ಒಬ್ಬ ಮಾಸ್ತರ ಕೊಟ್ಟದ್ದು. ಲೋ ಕಾರ್ಬ್ ಡಯಟ್ ಹಿಡಿಸಿದವನೂ ಅವನೇ: ರೊಟ್ಟಿ, ಅನ್ನ, ಸಕ್ಕರೆ ಬಂದ್, ಮೊಟ್ಟೆ, ಕೋಳಿ, ಮಜ್ಜಿಗೆ ಮಾತ್ರ. ಮೂರು ತಿಂಗಳಲ್ಲಿ ಹದಿನಾಲ್ಕು ಕೆಜಿ ಇಳಿದಿದ್ದ. ಹೆಂಡತಿಯ ತವರು ವಳಕಮದಿನ್ನಿ, ಭತ್ತದ ಮನೆ. ಅಲ್ಲಿ ಹೋಗಿ ಅನ್ನ ಮುಟ್ಟದೆ ಎದ್ದಾಗ, ಅಳಿಯ ಮುನಿದಿದ್ದಾನೆಂದು ಮಾವ ಮರುದಿನವೇ ಅವನಿಗೆ ಬೈಕ್ ಕೊಡಿಸಲು ಶೋರೂಮಿಗೆ ಹೊರಟುನಿಂತಿದ್ದರಂತೆ.

"ಕೂಡು, ಹತ್ತು ನಿಮಿಷ" ಎಂದೆ. ಕೂತಲ್ಲೇ ಗೊರಕೆ ಹೊಡೆಯತೊಡಗಿದ. ಪಕ್ಕದ ಅಜ್ಜಿ ಎದ್ದು ಬೇರೆ ಕಡೆ ಕೂತಳು. ಎಬ್ಬಿಸಿ, "ನಿದ್ದಿ ಆಗಿಲ್ಲೇನಪಾ?" ಎಂದೆ.

"ಎಲ್ಲಿ ನಿದ್ದಿ ಅಣ್ಣಾರ, ರಾತ್ರಿ ಪಾಳಿ ಐತಿ. ಬಿಟ್ಟ ಕೂಡ್ಲೇ ಬಸ್ ಹತ್ತೀನಿ."

"ಹೋದ ಸಲ ರಕ್ತ ಕೊಟ್ಟ ದಿನ?"

"ಅವತ್ತೂ ಹಂಗ ಬಂದಿದ್ನಲ್ರೀ."

ತಪ್ಪು ಆಗ ಹೊಳೆಯಿತು. ಆ ಹಾರ್ಮೋನು ಏರುವುದೇ ನಿದ್ದೆಯಲ್ಲಿ. ನನ್ನ ಒಂಬತ್ತೂವರೆ ಬೆಳಗು ಅವನಿಗೆ ಹಾಸಿಗೆಗೆ ಹೋಗುವ ಹೊತ್ತು. ಹದಿನೆಂಟು ವರ್ಷದ ಅನುಭವಿ ನಾನು, ಉಪವಾಸ ಇದ್ದೀಯಾ ಎಂದು ಕೇಳಿದ್ದೆ. ಮಲಗಿ ಎದ್ದಿದ್ದೀಯಾ ಎಂದು ಕೇಳಿರಲಿಲ್ಲ.

ಡಬ್ಬಿ ಸಮೇತ ಅವನನ್ನು ಮೇಲಿನ ಮಹಡಿಯ ಡಾಕ್ಟರಮ್ಮನ ಬಳಿ ಎಳೆದೊಯ್ದೆ. ಅವರು ಬಾಟಲಿ ನೋಡಿ ಕನ್ನಡಕ ತೆಗೆದಿಟ್ಟರು.

"ಹೊರಗಿನಿಂದ ಈ ಹಾರ್ಮೋನು ಹಾಕಿದರೆ ಒಳಗಿನ ಕಾರ್ಖಾನೆ ಕೆಲಸ ನಿಲ್ಲಿಸುತ್ತೆ. ವೀರ್ಯಾಣು ಸೊನ್ನೆಗೂ ಇಳಿಯಬಹುದು. ನಿಮಗೆ ಮಗು ಬೇಕೋ, ದಪ್ಪ ತೋಳು ಬೇಕೋ?"

ಬಸವರಾಜ ಯೋಚಿಸಿದ. "ಎರಡೂ ಕೂಡಿ ಆಗಂಗಿಲ್ಲೇನ್ರೀ ಮೇಡಮ್ಮಾರ?"

ಆಗುವುದಿಲ್ಲ ಎಂದರು. ತೂಕ ಇಳಿಸಿದ್ದು ತಪ್ಪಲ್ಲ, ಗಣಿಯ ದುಡಿಮೆಗೆ ಸಾಲದಷ್ಟು ತಿಂದದ್ದು ತಪ್ಪು. ಹೆಂಡತಿಯನ್ನು ಕರೆತನ್ನಿ, ವೀರ್ಯ ಪರೀಕ್ಷೆ ಮಾಡಿಸಿ, ಹಗಲು ಪಾಳಿ ಬಂದಾಗ ನಿದ್ದೆ ಮಾಡಿ ಮತ್ತೆ ರಕ್ತ ಕೊಡಿ ಎಂದರು.

ಮರುವಾರ ರೇಣುಕಾ ಬಂದಳು. ಇನ್ನೂರ ಹನ್ನೆರಡರ ಕಾಗದವನ್ನು ಗಂಡ ಅಲ್ಲಿಯವರೆಗೆ ಅವಳಿಗೆ ತೋರಿಸಿಯೇ ಇರಲಿಲ್ಲ. ಓದಿ ಅವಳು ಅಳಲಿಲ್ಲ.

"ಐದು ವರ್ಷ ನಿಮ್ಮವ್ವನ ಮಾತು ಕೇಳೀನಿ. ಇದನ್ನ ಅಕಿಗೆ ನೀವ ಹೇಳ್ರಿ. ಈಗ, ಇಲ್ಲೇ."

ಅವನು ಬೆವರುತ್ತ ಫೋನ್ ಹಚ್ಚಿದ. "ಯವ್ವಾ, ಹೆಣ್ಣು ನೋಡೂದು ಬಿಡು. ಕಮ್ಮಿ ಇರೂದು ನನ್ನ ಕಡಿ ಐತಿ."

ಆ ಕಡೆಯಿಂದ ಮುದುಕಿಯ ದನಿ ಇಡೀ ಲ್ಯಾಬಿಗೆ ಕೇಳಿತು: "ರೊಟ್ಟಿ ತಿನ್ನಲೇ ಅಂತ ಬಡಕೊಂಡ್ನಲ್ಲೋ ಮಬ್ಬಾ! ರೇಣಿಗೆ ಫೋನ್ ಕೊಡು."

ಇನ್ನು ಊಟದ ಪಂಚಾಯಿತಿ. ರೇಣುಕಾ ಹೊತ್ತಿಗೆ ಆರು ರೊಟ್ಟಿ ಎಂದಳು, ಅವನು ಅರ್ಧ ಎಂದ. ಚೌಕಾಶಿ ನನ್ನ ಕ್ಷೇತ್ರ, ಮೂರಕ್ಕೆ ಮುಗಿಸಿದೆ. ರೊಟ್ಟಿ ಎಷ್ಟು ಅಗಲ ಎಂಬ ತಕರಾರು ಆಮೇಲೆ ಹುಟ್ಟಿತು. ಅವಳು ಎರಡೂ ಕೈ ಚಾಚಿ ಹಿಟ್ಟು ನಾದುವ ಪರಾತದಷ್ಟು ತೋರಿಸಿದಳು, ಅವನು ಅಂಗೈ ತೋರಿಸಿದ. ಮಧ್ಯದ್ದೊಂದನ್ನು ಕಾಗದದ ಮೇಲೆ ಬರೆದುಕೊಟ್ಟೆ.

ತಿಂಗಳ ನಂತರ, ಹಗಲು ಪಾಳಿಯ ವಾರದಲ್ಲಿ, ನಿದ್ದೆ ಮಾಡಿ ಕೊಟ್ಟ ರಕ್ತದಲ್ಲಿ ಮುನ್ನೂರ ಅರವತ್ತೆಂಟು. ಇನ್ನೊಂದು ಬೆಳಿಗ್ಗೆ ಮುನ್ನೂರ ಎಂಬತ್ತೊಂದು. ವೀರ್ಯಾಣುಗಳ ಎಣಿಕೆ ಮೊದಲು ಕನಿಷ್ಠ ಮಿತಿಯ ಅಂಚಿನಲ್ಲಿತ್ತು, ಮೂರು ತಿಂಗಳಿಗೆ ಸುಧಾರಿಸಿತು. ಹೊಸದು ತಯಾರಾಗಲು ಸುಮಾರು ಅಷ್ಟು ಕಾಲ ಬೇಕು. ಏರಿಸಿದ್ದು ರೊಟ್ಟಿಯೋ, ನಿದ್ದೆಯೋ ಎಂದು ಕೇಳಿದರೆ ಡಾಕ್ಟರಮ್ಮ, "ಎರಡನ್ನೂ ಬಿಡಬೇಡಿ" ಎಂದರಷ್ಟೆ. ತಪ್ಪು ನನ್ನದಾದ್ದರಿಂದ ಮರುಪರೀಕ್ಷೆಗಳಿಗೆ ಹಣ ತೆಗೆದುಕೊಳ್ಳಲಿಲ್ಲ. "ಬಸ್ ಚಾರ್ಜು?" ಎಂದು ಕೇಳಿದ, ಭೂಪ.

ದಸರಾ ಮುಗಿದ ಮೇಲೆ ರೇಣುಕಾ ಒಬ್ಬಳೇ ಬಂದಳು. ಪರೀಕ್ಷೆ ಮಾಡಿ, "ಹೌದವ್ವಾ" ಎಂದೆ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದಳು. ಏಳುವಾಗ, "ಅವರಿಗೆ ನೀವು ಹೇಳಬ್ಯಾಡ್ರಿ ಅಣ್ಣಾರ. ಈ ರಿಪೋರ್ಟ್ ನಾ ಹೇಳ್ತೀನಿ" ಎಂದಳು.

ಓದುವವರಿಗೆ ನನ್ನ ಸಲಹೆ ಇಷ್ಟೇ: ಮಕ್ಕಳಾಗದಿದ್ದರೆ ಗಂಡನೂ ಮೊದಲ ದಿನವೇ ಪರೀಕ್ಷೆಗೆ ಹೋಗಲಿ, ಒಂದೇ ರಿಪೋರ್ಟ್ ನಂಬಿ ಸೂಜಿಗೆ ಕೈ ಒಡ್ಡಬೇಡಿ. ಬಸವರಾಜನಿಂದ ನಾನು ಕಲಿತದ್ದು ಬೇರೆ. ಮೊನ್ನೆ ಇದೇ ಪರೀಕ್ಷೆಗೆ ಒಬ್ಬ ರೈತ ಬೆಳಿಗ್ಗೆ ಎಂಟಕ್ಕೇ ಬಂದ. ಎಷ್ಟಕ್ಕೆ ಎದ್ದೆ ಎಂದೆ. ಕಾಲುವೆ ನೀರಿನ ಸರದಿ ಇತ್ತು, ಮಲಗೇ ಇಲ್ಲ ಎಂದ. ಮನೆಗೆ ಹೋಗಿ ಮಲಗು, ನಾಡಿದ್ದು ಬಾ ಎಂದೆ.

"ಎಷ್ಟು ಗಂಟೆಕ್ಕ ಬರ್ಲಿರೀ?"

"ನಿನಗ ಬೆಳಗಾದಾಗ."