ಬಾಲವಿಲ್ಲದ ಚೇಳು

‘ಕೂತಲ್ಲೇ ದುಡ್ಡು ಬರುತ್ತಂತಲ್ಲ, ನಮಗೂ ಹೇಳಿಕೊಡಿ’ ಎಂದು ಯಾರಾದರೂ ಹಲ್ಲು ಕಿರಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೂತಲ್ಲೇ ಅಂತೆ! ಒಂದು ಮಿಕ್ಸಿಯ ಬಗ್ಗೆ ಎರಡು ಪುಟ ಬರೆಯಬೇಕಾದರೆ ಹೊಳೆನರಸೀಪುರದ ನಮ್ಮ ಅಡುಗೆಮನೆಯಲ್ಲಿ ತಿಂಗಳಿಡೀ ಅದರಲ್ಲೇ ಚಟ್ನಿ ರುಬ್ಬಿ, ಅದರಲ್ಲೇ ಸಾರಿನ ಖಾರ ಅರೆದು, ಜಾರು ಉಜ್ಜಿ ಉಜ್ಜಿ ಕೈ ಸವೆಸಬೇಕು. ಸವೆಸಿದ್ದು ನಾನಲ್ಲ, ನಮ್ಮವ್ವ.

ನನ್ನದೊಂದು ವೆಬ್‌ಸೈಟು. ಅಡುಗೆಮನೆಯ ಸಾಮಾನುಗಳಲ್ಲಿ ಯಾವುದು ಬಾಳಿಕೆ ಬರುತ್ತದೆ, ಯಾವುದು ಬರೀ ಥಳಕು ಎಂದು ಕನ್ನಡದಲ್ಲಿ ಬರೆಯುತ್ತೇನೆ. ಓದಿದವರು ಪುಟದ ಕೊನೆಯ ಲಿಂಕು ಒತ್ತಿ ಕೊಂಡರೆ ನನಗಿಷ್ಟು ಕಮಿಷನ್. ಅಫಿಲಿಯೇಟ್ ಅನ್ನುತ್ತಾರೆ. ಮುಚ್ಚುಮರೆ ಏನಿಲ್ಲ, ಅದನ್ನೂ ಪುಟದಲ್ಲೇ ಹಾಕಿದ್ದೇನೆ. ಸಾಮಾನನ್ನು ಕಣ್ಣಲ್ಲೂ ನೋಡದೆ, ಡಬ್ಬದ ಮೇಲಿದ್ದದ್ದನ್ನೇ ತಿರುಚಿ ಬರೆಯುವವರನ್ನು ಕಂಡರೆ ನನಗಾಗುವುದಿಲ್ಲ. ಹಾಸನದಲ್ಲಿ ಅಂಥವನೊಬ್ಬ ಇದ್ದಾನೆ. ‘ನೀವು ಒಂದ್ ಬರಿಯೋ ಒತ್ಗೆ ನಾನು ನಲವತ್ತು ಆಕ್ಬುಟ್ಟಿರ್ತೀನಿ ಮೇಡಂ’ ಎಂದು ನಕ್ಕಿದ್ದ. ಅವನ ಮುಖಕ್ಕೆ ಥೂ ಎನ್ನಬೇಕೆಂದು ಬಾಯಿಗೆ ಬಂದಿತ್ತು. ಅನ್ನಲಿಲ್ಲ. ಅನ್ನದಿದ್ದದ್ದೇ ಒಳ್ಳೆಯದಾಯಿತು, ಯಾಕೆಂದು ಹೇಳುತ್ತೇನೆ.

ನಮ್ಮ ಮನೆಯ ಕಟ್ಟಳೆ ಒಂದೇ. ಅವ್ವ ಒಂದು ತಿಂಗಳು ಬಳಸಿ ಸೈ ಅನ್ನುವವರೆಗೆ ನಾನು ಬರೆಯಬಾರದು. ಪ್ರತಿ ಪುಟದ ತಲೆಯಲ್ಲೂ ‘ಅವ್ವ ಒಂದು ತಿಂಗಳು ಬಳಸಿ ಒಪ್ಪಿದ್ದು’ ಎಂಬ ಸಾಲು ಇರುತ್ತದೆ. ‘ಮಕ ಆಕ್ಬ್ಯಾಡ ಕಣೇ, ನಾಚ್ಕೆ ಆಯ್ತದೆ’ ಎಂದು ಅವಳು ಮೊದಲೇ ಹೇಳಿದ್ದರಿಂದ ಫೋಟೋದಲ್ಲಿ ಕೈ ಮಾತ್ರ. ಆ ಮುಂಗೈ ಮೇಲೆ ಒಂದು ಚೇಳಿನ ಹಚ್ಚೆ. ಚೇಳಿಗೆ ಬಾಲವಿಲ್ಲ. ಹುಡುಗಿಯಾಗಿದ್ದಾಗ ಬಾಗೂರಿನ ತವರುಮನೆಯ ಜಗಲಿಯಲ್ಲಿ ಹಚ್ಚೆ ಹಾಕಿಸಿಕೊಳ್ಳುತ್ತಾ, ನೋವು ತಡೆಯಲಾರದೆ ಅರ್ಧಕ್ಕೇ ಎದ್ದು ಓಡಿದ್ದಳಂತೆ. ಆಗ ಅವಳ ಕೈ ಅದುಮಿ ಹಿಡಿದು ಕೂತಿದ್ದವಳು ತಂಗಿ, ಈಗಲೂ ಅದೇ ಮನೆಯಲ್ಲಿರುವ ನಮ್ಮ ಚಿಕ್ಕವ್ವ.

ಕಾಯಿ ತುರಿಯುವ ಕರೆಂಟಿನ ಮಿಷನ್ನು ಬಂದು ನಾಲ್ಕು ದಿನವಾಗಿತ್ತು. ಅದರ ಬುಡದಲ್ಲಿ ರಬ್ಬರು, ಒತ್ತಿದರೆ ಅಡುಗೆಕಟ್ಟೆಯನ್ನು ಕಚ್ಚಿ ಹಿಡಿಯುತ್ತದೆ. ಕಂಪನಿಯವನ ಫೋನು: ‘ಮೇಡಂ, ನಾಳೆಯಿಂದ ಹಬ್ಬದ ಆಫರ್. ಈಗ್ಲೇ ಹಾಕಿದ್ರೆ ಕಮಿಷನ್ ಡಬಲ್.’

ಅವ್ವನನ್ನು ಕೇಳಿದೆ. ‘ತುರೀತದೆ ಚೆನ್ನಾಗೇನೋ. ನಾಕ್ ದಿನುಕ್ಕೆ ಏನ್ ಗೊತ್ತಾದಾತು? ತಡಿ’ ಅಂದಳು.

ತಡೆಯಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವಳು ಕಾಯಿ ಹಿಡಿದು ತುರಿಯುತ್ತಿದ್ದ ಫೋಟೋ ಇತ್ತು, ಹಾಕಿದೆ. ತಲೆಯ ಸಾಲು ಹಳೆಯ ಪುಟದಿಂದ ಹಾಗೇ ಬಂತು. ‘ಒಂದು ತಿಂಗಳು ಬಳಸಿ ಒಪ್ಪಿದ್ದು.’ ಕಣ್ಣಿಗೆ ಬಿತ್ತು. ಅಳಿಸಲಿಲ್ಲ.

ತಿಂಗಳು ತುಂಬುವ ಹೊತ್ತಿಗೆ ರಬ್ಬರು ಹಿಡಿತ ಬಿಟ್ಟಿತು. ಅವ್ವ ಮಿಷನ್ನನ್ನು ಅಟ್ಟಕ್ಕೆ ಎಸೆದು ಈಳಿಗೆಮಣೆ ಎಳೆದುಕೊಂಡಳು. ‘ಬರೀಬ್ಯಾಡ ಅದುನ್ನ, ಜಾರ್ತದೆ’ ಅಂದಳು. ಹೂಂ ಅಂದೆ. ನಾಳೆ ತೆಗೆದರಾಯಿತು ಎಂದುಕೊಂಡೆ. ನಾಳೆಯೂ ಮಾರಾಟವಾಗುತ್ತಿತ್ತು, ನಾಡಿದ್ದೂ ಆಗುತ್ತಿತ್ತು. ಹಾಸನದವನನ್ನು ಬೈಯುವ ಬಾಯಿ ನನ್ನದು, ನೋಡಿ.

ಆಮೇಲೆ ಬಾಗೂರಿನಿಂದ ಫೋನು ಬಂತು. ಕಾಯಿ ತುರಿಯುವ ಮಿಷನ್ನು ಜಾರಿ ಚಿಕ್ಕವ್ವನ ಬಲಗೈಯ ಎರಡು ಬೆರಳಿಗೆ ಹೊಲಿಗೆ ಬಿದ್ದಿದೆಯಂತೆ. ಅವ್ವನೂ ನಾನೂ ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಹೋದೆವು. ಚಿಕ್ಕವ್ವ ಜಗಲಿಯಲ್ಲಿ ಕೈ ಎತ್ತಿಕೊಂಡು ಕೂತಿದ್ದಳು. ಕೊಟ್ಟಿಗೆಯಲ್ಲಿ ಎರಡು ಹಸು ಅರಚುತ್ತಿದ್ದವು. ಹಾಲು ಕರೆಯುವ ಕೈಯೇ ಅದು.

‘ಯಾವಳ್ ಮಾತು ಕೇಳ್ಕಂಡು ಆ ಮಿಷನ್ ತಂದ್ಯೇ?’ ಅವ್ವ ಗದರಿದಳು.

‘ಬ್ಯಾರೇರ್ ಮಾತು ಕೇಳಿ ತತ್ತಿದ್ನಾ ಅಕ್ಕ? ಮೊಬೈಲಲ್ಲಿ ನೋಡ್ತೀನಿ, ಬಾಲಿಲ್ದ ಚೇಳು! ನಿನ್ ಕೈಯೇ ಅಂತ ಗೊತ್ತಾಗೋಯ್ತು. ತಿಂಗ್ಳು ಬಳ್ಸಿ ಒಪ್ಪವ್ಳೆ ಅಂತ ಬರ್ದಿತ್ತು. ನಮ್ಮಕ್ಕ ಒಪ್ಪಿದ್ಮೇಲೆ ಇನ್ನೇನು ಅಂತ ತರಿಸ್ಕಂಡೆ.’

ಚಿಕ್ಕವ್ವನ ಮಾತಿನಲ್ಲಿ ಚೂರೂ ಕೋಪವಿರಲಿಲ್ಲ. ಅದು ನನ್ನನ್ನು ಇನ್ನೂ ಸುಟ್ಟಿತು. ಅವ್ವ ನನ್ನ ಕಡೆ ತಿರುಗಿದಳು.

‘ಬರ್ದ್ಬುಟ್ಟಿದ್ದಾ?’

‘ಮೊದ್ಲೇ ಬರ್ದಿದ್ದೆ ಅವ್ವ.’

‘ನನ್ ಕೈ ಇಟ್ಟು ಸುಳ್ಳೇಳಿದ್ಯಲ್ಲೇ, ಮನೆಹಾಳಿ! ಒಡುಟ್ಟಿದೋಳ ಕೈ ಕುಯ್ಸಿದ್ಯಲ್ಲೇ! ತಗಿ ನನ್ ಕೈಯ ಅಲ್ಲಿಂದ. ನನ್ ಕಣ್ಣೆದ್ರುಗೇ ತಗಿ.’

ಜಗಲಿಯಲ್ಲೇ ನಿಂತು ಆ ಫೋಟೋ ಅಳಿಸಲು ಹೋದೆ. ಸಿಗ್ನಲ್ ಸಿಗದೆ ಬೀದಿಗಿಳಿದು ಮೊಬೈಲನ್ನು ಮೇಲೆ ಹಿಡಿದುಕೊಂಡು ಅಲೆದು ಅಳಿಸಿದೆ. ತಿರುಗಿ ಬಂದಾಗ ಅವ್ವ ಸೆರಗು ಬಿಗಿದು ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಹೊಲಿಗೆ ಬಿಚ್ಚುವವರೆಗೆ ಎರಡು ಹೊತ್ತೂ ಅವಳೇ ಹಾಲು ಕರೆದಳು. ಮಂಡಿನೋವಿನವಳು, ನೆಲಕ್ಕೆ ಕೂತರೆ ಏಳಲು ಕಷ್ಟ. ನನ್ನನ್ನು ಆವತ್ತೇ ಬಸ್ಸು ಹತ್ತಿಸಿ ಕಳಿಸಿದಳು.

ಮನೆಗೆ ಬಂದು ಕಂಪನಿಯವನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ‘ರಬ್ಬರ್ ಒದ್ದೆ ಮಾಡಿ ಕೂರಿಸ್ಬೇಕು ಮೇಡಂ’ ಅಂದ. ಅವನ ರಬ್ಬರಿಗಿಷ್ಟು! ಎಷ್ಟು ಬೈದರೇನು? ಒಂದು ತಿಂಗಳು ಎಂದು ಬರೆದವನು ಅವನಲ್ಲವಲ್ಲ. ಆ ಪುಟದಲ್ಲಿ ಲಿಂಕು ಕಿತ್ತು, ನಾಲ್ಕೇ ದಿನ ನೋಡಿ ಬರೆದೆ, ಸುಳ್ಳು ಹೇಳಿದೆ, ಕೊಳ್ಳಬೇಡಿ, ಕೊಂಡವರು ಬಳಸಬೇಡಿ ಎಂದು ಹಾಕಿದೆ. ಆ ಪುಟ ಈಗಲೂ ಇದೆ.

ಅವ್ವ ವಾಪಸು ಬಂದ ಮೇಲೆ ಶಾವಿಗೆ ಒತ್ತುವ ಹೊಸ ಒರಳು ತರಿಸಿ ಅವಳ ಮುಂದಿಟ್ಟೆ. ಮುಟ್ಟಲೂ ಇಲ್ಲ. ‘ನೀನೇ ಒತ್ತು. ನಿನ್ ಕೈಯೇ ತೋರ್ಸು’ ಎಂದು ಎದ್ದು ಹೋದಳು.

ಒಂದು ತಿಂಗಳು, ಒಂದು ದಿನವೂ ಬಿಡದೆ, ನಾನೇ ಒತ್ತಿದೆ. ಅಂಗೈಯಲ್ಲಿ ಬೊಬ್ಬೆ ಬಂತು. ಒರಳು ಒಳ್ಳೆಯದಿತ್ತು, ಒಳ್ಳೆಯದೆಂದೇ ಬರೆದೆ, ನನ್ನ ಕೈಯ ಫೋಟೋ ಹಾಕಿದೆ. ಮೊನ್ನೆ ಚಿಕ್ಕವ್ವ ಫೋನು ಮಾಡಿದಳು.

‘ಶಾವ್ಗೆ ಒಳ್ಳು ನೋಡ್ದೆ ಕಣವ್ವ. ಇದ್ಯಾರ ಕೈಯೇ?’

‘ನಂದೇ ಚಿಕ್ಕವ್ವ.’

ನನ್ನನ್ನು ನೋಯಿಸಬಾರದೆಂದು ಮೆತ್ತಗೆ ಹೇಳಿದಳು: ‘ಅಂಗಾರೆ ಅಕ್ಕನ್ನ ಒಂದ್ ಮಾತು ಕೇಳ್ಕಂಡು ತಗತೀನಿ, ಬುಡವ್ವ.’